ವರ್ಕ್‌ಶಾಪ್ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು: ಹಾಸನ, ಚಿಕ್ಕಮಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ

ನಾನು ಹಾಸನದಲ್ಲಿ ಮೆಕ್ಯಾನಿಕಲ್ ಓದುವ ಮಕ್ಕಳಿಗೆ ವರ್ಕ್‌ಶಾಪ್ ಮತ್ತು ಮ್ಯಾನುಫ್ಯಾಕ್ಚರಿಂಗ್ ಪ್ರೋಸೆಸ್ ಹೇಳಿಕೊಡುತ್ತೇನೆ. ಪ್ರತಿ ವರ್ಷ ಹೊಸ ಬ್ಯಾಚ್ ಬರುತ್ತದೆ, ಪ್ರಶ್ನೆಗಳು ಮಾತ್ರ ಅವೇ. ಕೇಳಲು ಹಿಂಜರಿಯುವವರೂ ಇರುತ್ತಾರೆ. ಅವರಿಗೂ ಸಿಗಲಿ ಎಂದು ಇಲ್ಲಿ ಬರೆದಿಡುತ್ತಿದ್ದೇನೆ.

ಎಲ್ಲಿಂದ ಶುರು ಮಾಡಲಿ? ಪುಸ್ತಕದಲ್ಲಿ ಹತ್ತಾರು ಪ್ರೋಸೆಸ್ ಇವೆ, ಎಲ್ಲ ಕಲಸಿಹೋಗುತ್ತಿವೆ.

ಪುಸ್ತಕ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಒಂದು ವಸ್ತುವನ್ನು ಎದುರಿಗಿಟ್ಟುಕೊಂಡು, ಇದರ ಒಂದೊಂದು ಭಾಗವನ್ನೂ ಹೇಗೆ ಮಾಡಿದರು, ಹಾಗೇ ಯಾಕೆ ಮಾಡಿದರು ಎಂದು ಕೇಳಿಕೊಳ್ಳಿ. ನಮ್ಮ ಕಡೆಯ ಮಕ್ಕಳಿಗೆ ನಾನು ಮೊದಲು ತೋರಿಸುವುದು ಕಾಫಿ ಪಲ್ಪರ್. ಸಕಲೇಶಪುರ, ಮೂಡಿಗೆರೆ, ಬೇಲೂರು ಕಡೆಯ ತೋಟಗಳಲ್ಲಿ ಹಳೆಯದೊಂದು ಪಲ್ಪರ್ ಮೂಲೆಯಲ್ಲಿ ನಿಂತೇ ಇರುತ್ತದೆ. ಹಣ್ಣನ್ನು ಒತ್ತಿ ಸಿಪ್ಪೆ ಸುಲಿದು ಬೀಜ ಬೇರೆ ಮಾಡುವ ಯಂತ್ರ, ಅಷ್ಟೆ. ಆದರೆ ಒಂದು ಸೆಮಿಸ್ಟರ್‌ನ ಪಾಠ ಅದರೊಳಗಿದೆ.

ಕಾಲು ಮತ್ತು ಫ್ರೇಮ್ ನೋಡಿ. ಹಳೆಯ ಯಂತ್ರವಾದರೆ ಅದು ಬೀಡು ಕಬ್ಬಿಣದ ಎರಕ. ಅಂಕುಡೊಂಕಿನ ಆಕಾರವನ್ನು ಒಂದೇ ಸಲಕ್ಕೆ ತರಲು ಎರಕಕ್ಕಿಂತ ಅಗ್ಗದ ದಾರಿ ಇಲ್ಲ. ಬೀಡಿನೊಳಗಿನ ಗ್ರಾಫೈಟ್ ಪದರಗಳು ಅದುರುವಿಕೆಯನ್ನೂ ನುಂಗುತ್ತವೆ. ಶಾಫ್ಟ್‌ಗೆ ಬೀಡು ಬೇಡ, ತಿರುಚಿದರೆ ಮುರಿದೀತು. ಹಾಗಾಗಿ ಅದು ಉಕ್ಕಿನ ಸರಳು, ಲೇಥ್ (ಲೋಹವನ್ನು ತಿರುಗಿಸುತ್ತ ಟೂಲ್‌ನಿಂದ ಕಡೆಯುವ ಯಂತ್ರ) ಮೇಲೆ ಕಡೆದದ್ದು. ಹಣ್ಣು ಸುರಿಯುವ ಹಾಪರ್ ತಗಡಿನ ಕೆಲಸ: ಕತ್ತರಿಸಿ, ಮಡಿಸಿ, ರಿವೆಟ್ ಹೊಡೆದದ್ದು ಅಥವಾ ಬೆಸೆದದ್ದು. ಇನ್ನು ಡಿಸ್ಕ್ ಅಥವಾ ಡ್ರಮ್ ಮೇಲಿನ ತಾಮ್ರದ ತಗಡಿನ ಮೇಲೆ ಕೈಯಾಡಿಸಿ. ಸಾಲು ಸಾಲಾಗಿ ಗುಬುಟುಗಳು. ಡೈ ಮೇಲಿಟ್ಟು ಪಂಚ್‌ನಿಂದ ಉಬ್ಬಿಸಿದ್ದು. ತಾಮ್ರವೇ ಯಾಕೆ? ಅದು ಹರಿಯದೆ ಹಿಗ್ಗುತ್ತದೆ, ಹಣ್ಣಿನ ರಸಕ್ಕೆ ಕಬ್ಬಿಣದ ಹಾಗೆ ತುಕ್ಕು ಹಿಡಿಯುವುದಿಲ್ಲ. ಈಗ ಸ್ಟೇನ್‌ಲೆಸ್ ಸ್ಟೀಲ್ ಕೂಡ ಬಂದಿದೆ. ಕೊನೆಗೆ ಆ ಡಿಸ್ಕ್‌ಗೂ ಎದುರಿನ ಪ್ಲೇಟ್‌ಗೂ ನಡುವಿನ ಸಂದು. ಜಾಸ್ತಿ ಬಿಟ್ಟರೆ ಹಣ್ಣು ಸುಲಿಯದೆ ಹೋಗುತ್ತದೆ, ಕಡಿಮೆಯಾದರೆ ಬೀಜ ಕಚ್ಚಿಹೋಗಿ ಬೆಲೆ ಬೀಳುತ್ತದೆ. ಅಳತೆ ಎಷ್ಟರವರೆಗೆ ಹೆಚ್ಚುಕಡಿಮೆಯಾಗಬಹುದು ಎಂಬ ಈ ಮಿತಿಯೇ ಟಾಲರೆನ್ಸ್, ಇನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಹೀಗೆ ಒಂದು ಯಂತ್ರವನ್ನು ಬಿಡಿಸಿ ನೋಡಿದವರು ಆಮೇಲೆ ಪುಸ್ತಕ ತೆರೆದರೆ ಪ್ರತಿ ಅಧ್ಯಾಯಕ್ಕೂ ಒಂದು ಗುರುತು ಸಿಕ್ಕಿರುತ್ತದೆ.

ಒಟ್ಟಾರೆ ಪ್ರೋಸೆಸ್‌ಗಳನ್ನು ಎಷ್ಟು ಗುಂಪಾಗಿ ನೆನಪಿಡಬೇಕು?

ಆರು ಗುಂಪು ಸಾಕು: ಕರಗಿಸಿ ಹೊಯ್ಯುವುದು, ಒತ್ತಿ ಬಡಿದು ರೂಪ ಕೊಡುವುದು, ಬೇಡದ್ದನ್ನು ತೆಗೆಯುವುದು, ಎರಡನ್ನು ಸೇರಿಸುವುದು. ಪುಡಿಯನ್ನು ಒತ್ತಿ ಬಿಸಿಯಲ್ಲಿ ಗಟ್ಟಿ ಮಾಡುವುದು ಒಂದು, ಪದರದ ಮೇಲೆ ಪದರ ಏರಿಸುವ ತ್ರೀಡಿ ಪ್ರಿಂಟಿಂಗ್ ಇನ್ನೊಂದು. ಶ್ರವಣಬೆಳಗೊಳದ ಬೆಟ್ಟದ ಮೇಲೆ 981ರಲ್ಲಿ ನಿಂತ 58 ಅಡಿಯ ಗೊಮ್ಮಟ ಒಂದೇ ಬಂಡೆಯಿಂದ ಬೇಡದ್ದನ್ನು ತೆಗೆದು ಉಳಿಸಿಕೊಂಡದ್ದು. ನಿಮ್ಮೂರ ಗುಡಿಯ ಪಂಚಲೋಹದ ಉತ್ಸವಮೂರ್ತಿ ಮೇಣದ ಅಚ್ಚು ಕರಗಿಸಿ ಎರಕ ಹೊಯ್ದದ್ದು. ಮೊದಲನೆಯದರಲ್ಲಿ ತಪ್ಪಾಗಿ ಒಂದು ಏಟು ಬಿದ್ದರೆ ತೆಗೆದದ್ದನ್ನು ಮತ್ತೆ ಸೇರಿಸಲಾಗದು. ಎರಡನೆಯದರಲ್ಲಿ ಎರಕ ಕೆಟ್ಟರೆ ಕರಗಿಸಿ ಮತ್ತೆ ಹೊಯ್ಯಬಹುದು. ಈ ವ್ಯತ್ಯಾಸ ಇವತ್ತಿನ ಫ್ಯಾಕ್ಟರಿಯ ಖರ್ಚಿನ ಲೆಕ್ಕದಲ್ಲೂ ಹಾಗೇ ಇದೆ.

ಎಲ್ಲ ಕಡೆ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ಬಂದಿರುವಾಗ ಅರ (ಫೈಲ್) ಹಾಕುವುದನ್ನು ಯಾಕೆ ಕಲಿಯಬೇಕು?

ಇದು ನನಗೆ ಬಹಳ ಮುಖ್ಯವಾದ ಪ್ರಶ್ನೆ, ಸ್ವಲ್ಪ ಉದ್ದ ಹೇಳುತ್ತೇನೆ.

ಮೊದಲ ದಿನ ನಿಮ್ಮ ಕೈಗೆ 6 ಮಿ.ಮೀ. ದಪ್ಪದ, 50 ಮಿ.ಮೀ. ಚೌಕದ ಮೈಲ್ಡ್ ಸ್ಟೀಲ್ (ಕಾರ್ಬನ್ ಕಡಿಮೆಯಿರುವ ಮೆದು ಉಕ್ಕು) ಪ್ಲೇಟ್ ಕೊಡುತ್ತಾರೆ. ಒಂದು ಅಂಚನ್ನು ಸಮ ಮಾಡಿ ಎನ್ನುತ್ತಾರೆ. ಹತ್ತು ನಿಮಿಷದ ಕೆಲಸ ಎಂದುಕೊಳ್ಳುತ್ತೀರಿ. ಅರ್ಧ ಗಂಟೆ ತಿಕ್ಕಿ, ಟ್ರೈ ಸ್ಕ್ವೇರ್ (ಮೂಲೆಮಟ್ಟ) ಇಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ ಎರಡೂ ತುದಿಯಲ್ಲಿ ಬೆಳಕು ಕಾಣುತ್ತದೆ, ನಡುವೆ ಕಾಣುವುದಿಲ್ಲ. ಅಂಚಿಗೆ ಹೊಟ್ಟೆ ಬಂದಿದೆ. ಯಾಕೆಂದರೆ ಅರ ಮುಂದೆ ಹೋಗುವಾಗ ನಿಮ್ಮ ಕೈ ತೊಟ್ಟಿಲ ಹಾಗೆ ತೂಗಿದೆ. ಶುರುವಿನಲ್ಲಿ ಎಡಗೈ ಒತ್ತಡ ಜಾಸ್ತಿ, ಕೊನೆಗೆ ಬಲಗೈ ಒತ್ತಡ ಜಾಸ್ತಿ ಇರಬೇಕು. ಹಿಂದಕ್ಕೆ ತರುವಾಗ ಒತ್ತಲೇಬಾರದು, ಅರದ ಹಲ್ಲು ಕತ್ತರಿಸುವುದು ಮುಂದಕ್ಕೆ ಮಾತ್ರ. ಹ್ಯಾಕ್ಸಾ ಬ್ಲೇಡ್ ಹಾಕುವಾಗಲೂ ಹಲ್ಲು ಮುಂದಕ್ಕೆ ನೋಡುತ್ತಿರಬೇಕು. ಪ್ರತಿ ಬ್ಯಾಚಿನಲ್ಲೂ ಇಬ್ಬರು ಮೂವರು ತಿರುವುಮುರುವಾಗಿ ಹಾಕಿ, ಬ್ಲೇಡ್ ಮೊಂಡಾಗಿದೆ ಎಂದು ಬರುತ್ತಾರೆ.

ಎರಡನೇ ವಾರ ಆ ಬೆಳಕಿನ ಗೆರೆ ಕೂದಲೆಳೆಯಷ್ಟಾಗುತ್ತದೆ. ಆಗ ನಿಮಗೆ ಗೊತ್ತಾಗುವುದೇನೆಂದರೆ, ಡ್ರಾಯಿಂಗ್‌ನಲ್ಲಿ ಸಮತಲ ಎಂದು ಒಂದು ಗೆರೆ ಎಳೆಯುವುದು ಎಷ್ಟು ಸುಲಭ, ಅದನ್ನು ಲೋಹದಲ್ಲಿ ತರುವುದು ಎಷ್ಟು ಕಷ್ಟ. ನಾಳೆ ನೀವು ಡಿಸೈನ್ ಮಾಡುವಾಗ ಬೇಕಿಲ್ಲದ ಕಡೆ 0.01 ಮಿ.ಮೀ. ಟಾಲರೆನ್ಸ್ ಬರೆಯುವ ಮುನ್ನ ಕೈ ತಡೆಯುತ್ತದೆ. ಸಿಎನ್‌ಸಿ ಆ ತಡೆಯನ್ನು ಕಲಿಸುವುದಿಲ್ಲ.

ಲೇಥ್‌ನಲ್ಲಿ ಎಷ್ಟು ಸ್ಪೀಡ್ ಇಡಬೇಕು ಎಂದು ಹೇಗೆ ಗೊತ್ತಾಗುತ್ತದೆ?

ಲೆಕ್ಕ ಸುಲಭ. ಕಟಿಂಗ್ ಸ್ಪೀಡನ್ನು (ಟೂಲ್‌ನ ಮುಂದೆ ಲೋಹ ನಿಮಿಷಕ್ಕೆ ಎಷ್ಟು ಮೀಟರ್ ಓಡುತ್ತದೆ) 1000ದಿಂದ ಗುಣಿಸಿ, ಜಾಬ್‌ನ (ಕಡೆಯುತ್ತಿರುವ ತುಂಡಿನ) ಮಿ.ಮೀ. ವ್ಯಾಸವನ್ನು 3.14ರಿಂದ ಗುಣಿಸಿದಾಗ ಬರುವ ಸಂಖ್ಯೆಯಿಂದ ಭಾಗಿಸಿ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್‌ನಿಂದ ಮೈಲ್ಡ್ ಸ್ಟೀಲ್ ಕಡೆಯಲು ನಿಮಿಷಕ್ಕೆ 30 ಮೀಟರ್ ಹಿಡಿಯೋಣ. 25 ಮಿ.ಮೀ. ಸರಳಾದರೆ ಸುಮಾರು 380 ಆರ್‌ಪಿಎಂ. ಅದೇ ಸರಳು 12 ಮಿ.ಮೀ.ಗೆ ಇಳಿದರೆ ಸುಮಾರು 800. ಗೇರ್ ಲಿವರ್‌ನಲ್ಲಿ ಅಷ್ಟೇ ಸರಿಯಾಗಿ ಸಿಗುವುದಿಲ್ಲ, ಹತ್ತಿರದ ಕೆಳಗಿನ ಸ್ಪೀಡ್ ಹಾಕಿ.

ಆದರೆ ಲೆಕ್ಕ ಸರಿಯಿದೆಯೇ ಎಂದು ಹೇಳುವುದು ಚಿಪ್, ಅಂದರೆ ಕಡೆದಾಗ ಬರುವ ಲೋಹದ ಚೂರು. ಮೈಲ್ಡ್ ಸ್ಟೀಲ್ ಆದರೆ ಉದ್ದಕ್ಕೆ ಸುರುಳಿಯಾಗಿ ಬರುತ್ತದೆ. ಬೀಡು ಪುಡಿಪುಡಿಯಾಗಿ ಉದುರುತ್ತದೆ. ಎಚ್‌ಎಸ್‌ಎಸ್ ಟೂಲ್ ಹಾಕಿದಾಗ ಉಕ್ಕಿನ ಚಿಪ್ ನೀಲಿಗೆ ತಿರುಗಿದರೆ ಬಿಸಿ ಮೀರಿದೆ, ಟೂಲ್‌ನ ತುದಿ ಸಾಯುತ್ತದೆ. ಹೆಚ್ಚು ಬಿಸಿ ತಡೆಯುವ ಕಾರ್ಬೈಡ್ ಟೂಲ್ ಆದರೆ ಅದೇ ನೀಲಿ ಚಿಪ್‌ಗೆ ಹೆದರಬೇಕಿಲ್ಲ. ಫೇಸಿಂಗ್ (ಸರಳಿನ ತುದಿಯನ್ನು ಸಮ ಮಾಡುವುದು) ಮಾಡುವಾಗ ನಟ್ಟನಡುವೆ ಸಣ್ಣದೊಂದು ಮೊಳಕೆಯಂಥ ಗುಬುಟು ಉಳಿದರೆ ಟೂಲ್‌ನ ತುದಿ ಸರಳಿನ ನಡುಮಧ್ಯದ ಎತ್ತರದಲ್ಲಿ (ಸೆಂಟರ್ ಹೈಟ್) ಇಲ್ಲ ಎಂದರ್ಥ. ಶಿಮ್ (ತೆಳು ತಗಡು) ಇಟ್ಟು ಸರಿ ಮಾಡಿ.

ಬೇಲೂರಿಗೆ ಹೋದಾಗ ಚೆನ್ನಕೇಶವ ದೇವಾಲಯದ ಒಳಗಿನ ಕಂಬಗಳನ್ನು ಲೇಥ್ ಕಲಿತವರ ಕಣ್ಣಿನಿಂದ ನೋಡಿ. 1117ರ ಕಟ್ಟಡ. ನುಣುಪಾದ ಆ ದುಂಡು ಕಂಬಗಳನ್ನು ತಿರುಗಿಸಿ ಕಡೆದದ್ದು ಎಂದೇ ಶಿಲ್ಪಶಾಸ್ತ್ರ ಬಲ್ಲವರು ಹೇಳುತ್ತಾರೆ. ಒಂದೇ ಅಕ್ಷದ ಸುತ್ತ ಬಳೆ ಬಳೆಯಾಗಿ ಓಡುವ ಏಣುಗಳನ್ನು ನೋಡಿದರೆ ನಿಮಗೂ ಹಾಗೇ ಅನಿಸುತ್ತದೆ. ಕಲ್ಲು ಬಳಪದ ಕಲ್ಲು, ಗಣಿಯಿಂದ ಹೊಸದಾಗಿ ತೆಗೆದಾಗ ಮೆದು, ಗಾಳಿಗೆ ಒಡ್ಡಿದಂತೆ ಗಡುಸು. ಮಷಿನಬಿಲಿಟಿ (ಒಂದು ವಸ್ತುವನ್ನು ಎಷ್ಟು ಸುಲಭವಾಗಿ ಕಡೆಯಬಹುದು) ಎಂಬ ಪದವನ್ನು ನಾನು ಮಕ್ಕಳಿಗೆ ಹೇಳಿಕೊಡುವುದು ಆ ಕಂಬದ ಕೆಳಗೆ ನಿಲ್ಲಿಸಿಯೇ. ಗ್ರಾನೈಟ್‌ನಲ್ಲಿ ಅಂಥ ಕುಸುರಿ ಮಾಡಲು ಹೊರಟಿದ್ದರೆ ಎಷ್ಟು ಉಳಿ ಸವೆಯುತ್ತಿದ್ದವೋ ಎಂದು ಯೋಚಿಸಿ ನೋಡಿ.

ಮಳೆಗಾಲದಲ್ಲಿ ನಮ್ಮ ಎರಕ ಯಾಕೆ ತೂತು ತೂತಾಗುತ್ತದೆ?

ಮರಳಿನ ತೇವ. ಮಲೆನಾಡಿನ ಅಂಚಿನ ಫೌಂಡ್ರಿಗಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಕಾಟ.

ಗ್ರೀನ್ ಸ್ಯಾಂಡ್ ಎಂದರೆ ಹಸಿರು ಮರಳಲ್ಲ, ಹಸಿ ಮರಳು. ಸಿಲಿಕಾ ಮರಳು, ಬೆಂಟೊನೈಟ್ ಜೇಡಿ, ನೂರಕ್ಕೆ ಮೂರರಿಂದ ಐದು ಭಾಗದಷ್ಟು ನೀರು. ಆ ನೀರು ಕುದಿದು ಹಬೆಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಮರಳಿನ ಕಣಗಳ ಸಂದಿನಲ್ಲಿ, ವೆಂಟ್ ತೂತುಗಳಲ್ಲಿ ಹೊರಗೆ ಹೋಗಲು ದಾರಿಯಿದ್ದರೆ ಸರಿ. ದಾರಿ ಇಲ್ಲದಿದ್ದರೆ ಲೋಹದೊಳಕ್ಕೆ ನುಗ್ಗಿ ಬ್ಲೋಹೋಲ್ ಆಗುತ್ತದೆ. ಕಾಲೇಜಿನಲ್ಲಿ ಸಾಮಾನ್ಯವಾಗಿ ಹೊಯ್ಯುವುದು ಅಲ್ಯೂಮಿನಿಯಂ, 660 ಡಿಗ್ರಿಗೆ ಕರಗುತ್ತದೆ. ಅದಕ್ಕೆ ಇನ್ನೊಂದು ಗುಣವಿದೆ: ಕರಗಿದಾಗ ತೇವದಿಂದ ಹೈಡ್ರೋಜನ್ ಹೀರಿಕೊಳ್ಳುತ್ತದೆ, ಗಟ್ಟಿಯಾಗುವಾಗ ಉಗುಳುತ್ತದೆ. ಗರಗಸದಿಂದ ಕೊಯ್ದು ನೋಡಿದರೆ ಸೂಜಿಮೊನೆಯಷ್ಟು ಚುಕ್ಕೆಗಳು ಕಾಣುವುದು ಅದಕ್ಕೇ.

ತೇವ ಅಳೆಯುವ ಉಪಕರಣವಿದೆ, ಬಳಸಿ. ಅದರ ಜೊತೆಗೆ ಕೈಯನ್ನೂ ಕಲಿಸಿ. ಒಂದು ಹಿಡಿ ಮರಳನ್ನು ಮುಷ್ಟಿಯಲ್ಲಿ ಒತ್ತಿ, ಬಿಡಿಸಿ. ಬೆರಳಿನ ಗುರುತು ಸ್ಪಷ್ಟವಾಗಿ ಮೂಡಿರಬೇಕು. ನಡುವೆ ಮುರಿದರೆ ಅಂಚು ಕಡಿದ ಹಾಗೆ ಚೂಪಾಗಿ ಮುರಿಯಬೇಕು. ಉದುರಿದರೆ ನೀರು ಸಾಲದು, ಅಂಗೈಗೆ ಮೆತ್ತಿಕೊಂಡರೆ ಜಾಸ್ತಿ. ಇದನ್ನೇ ನಾವು ಹದ ಎನ್ನುವುದು. ರಾಗಿ ಮುದ್ದೆ ತಿರುವುವವರಿಗೂ ಬೆಲ್ಲದ ಪಾಕ ಇಳಿಸುವವರಿಗೂ ಗೊತ್ತಿರುವ ಮಾತು. ನಿಮ್ಮ ಮನೆಯಲ್ಲಿ ದಿನಾ ಕೇಳಿದ ಮಾತನ್ನು ಫೌಂಡ್ರಿಗೂ ಧೈರ್ಯವಾಗಿ ತನ್ನಿ.

ಒದ್ದೆ ಸೌಟು, ಒದ್ದೆ ಇಕ್ಕಳ ಕರಗಿದ ಲೋಹದೊಳಗೆ ಎಂದೂ ಹೋಗಕೂಡದು. ಮೊದಲು ಬಿಸಿ ಮಾಡಿ ಒಣಗಿಸಿ. ಒಂದು ಹನಿ ನೀರು ಲೋಹದ ಕೆಳಗೆ ಸಿಕ್ಕಿಕೊಂಡರೆ ಇಡೀ ಲೋಹ ಮೇಲೆ ಹಾರುತ್ತದೆ.

ಪ್ಯಾಟರ್ನ್ (ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ) ಮಾಡುವವರಿಗೆ ಒಂದು ಮಾತು: ಬೀಡು ಆರುವಾಗ ಮೀಟರಿಗೆ ಸುಮಾರು 10 ಮಿ.ಮೀ. ಕುಗ್ಗುತ್ತದೆ, ಉಕ್ಕು ಅದರ ಎರಡರಷ್ಟು. ಪ್ಯಾಟರ್ನ್ ಅಷ್ಟು ದೊಡ್ಡದಿರಬೇಕು.

ವೆಲ್ಡಿಂಗ್ ಮಾಡಿದರೆ ರಾಡ್ ಅಂಟಿಕೊಳ್ಳುತ್ತದೆ, ಬೀಡ್ (ಬೆಸುಗೆಯ ಸಾಲು) ಹುಳ ಕೊರೆದ ಹಾಗೆ ಬರುತ್ತದೆ. ಏನು ತಪ್ಪು?

ಅಂಟಿಕೊಳ್ಳುವುದಕ್ಕೆ ಕರೆಂಟ್ ಕಡಿಮೆ ಇರುವುದು ಅಥವಾ ಕೈ ಹೆದರಿ ರಾಡನ್ನು ಜಾಬ್‌ಗೆ ಒತ್ತಿ ಹಿಡಿಯುವುದು ಕಾರಣ. 3.15 ಮಿ.ಮೀ. ರಾಡ್‌ಗೆ ಸುಮಾರು 90ರಿಂದ 130 ಆಂಪಿಯರ್. ಬೆಂಕಿಕಡ್ಡಿ ಗೀರಿದ ಹಾಗೆ ಗೀರಿ, ರಾಡ್‌ನ ವ್ಯಾಸದಷ್ಟೇ ದೂರ ಎತ್ತಿ ಹಿಡಿಯಿರಿ. ಆರ್ಕ್ ಸರಿಯಿದ್ದರೆ ಕಾವಲಿಯಲ್ಲಿ ಒಗ್ಗರಣೆ ಸಿಡಿಯುವ ಹಾಗೆ ಒಂದೇ ಸಮನೆ ಸದ್ದು ಬರುತ್ತದೆ.

ಹುಳ ಕೊರೆದ ಹಾಗಿನ ತೂತುಗಳಿಗೆ ಮತ್ತೆ ನಮ್ಮ ಮಳೆಯೇ ಕಾರಣ. ರಾಡ್ ಮೇಲಿನ ಫ್ಲಕ್ಸ್ ಲೇಪ ಗಾಳಿಯ ತೇವ ಹೀರುತ್ತದೆ. ತೆರೆದ ಪ್ಯಾಕೆಟ್ಟನ್ನು ವರ್ಕ್‌ಶಾಪಿನ ಕಿಟಕಿ ಕಟ್ಟೆಯ ಮೇಲೆ ಬಿಟ್ಟು ಹೋದರೆ ಮುಗಿಯಿತು. ಲೋ ಹೈಡ್ರೋಜನ್ ರಾಡ್‌ಗಳನ್ನಂತೂ ಒಲೆಯಲ್ಲಿ ಬೇಯಿಸಿಯೇ ಬಳಸಬೇಕು, ತಾಪ ಎಷ್ಟೆಂದು ಪ್ಯಾಕೆಟ್ ಮೇಲೆ ಬರೆದಿರುತ್ತದೆ. ಜಾಬ್ ಮೇಲಿನ ತುಕ್ಕು, ಎಣ್ಣೆ, ಬಣ್ಣವನ್ನು ವೈರ್ ಬ್ರಶ್‌ನಿಂದ ಉಜ್ಜಿ ತೆಗೆಯಿರಿ.

ಕಣ್ಣಿನ ವಿಷಯ. ನಾನು ಓದುವಾಗ, ಗೆಳೆಯನ ವೆಲ್ಡಿಂಗನ್ನು ಶೀಲ್ಡ್ ಇಲ್ಲದೆ ಪಕ್ಕದಿಂದ ಒಂದೆರಡು ನಿಮಿಷ ನೋಡಿದ್ದೆ. ಆಗ ಏನೂ ಆಗಲಿಲ್ಲ. ರಾತ್ರಿ ಎರಡು ಗಂಟೆಗೆ ಕಣ್ಣಿಗೆ ಬಿಸಿ ಮರಳು ಎರಚಿದ ಹಾಗಾಗಿ ಎದ್ದೆ, ಬೆಳಗಿನವರೆಗೂ ನೀರು ಸುರಿಯಿತು. ಅತಿನೇರಳೆ ಕಿರಣ ಕಣ್ಣಿನ ಮೇಲ್ಪದರವನ್ನು ಸುಡುವುದು ಹೀಗೇ, ಗಂಟೆಗಳು ಕಳೆದ ಮೇಲೆ ಗೊತ್ತಾಗುತ್ತದೆ. ನೋಡುತ್ತ ನಿಂತವರಿಗೂ ಶೀಲ್ಡ್ ಬೇಕು. ಬಿಸಿಲಿನ ಕಪ್ಪು ಕನ್ನಡಕ ಸಾಲದು.

ಹೀಟ್ ಟ್ರೀಟ್‌ಮೆಂಟ್ ತಲೆಗೆ ಹತ್ತುವುದೇ ಇಲ್ಲ.

ಲೋಹವನ್ನು ಕಾಯಿಸಿ ತಣಿಸಿ ಅದರ ಗುಣ ಬದಲಿಸುವುದು, ಅಷ್ಟೆ. ಊರಿನ ಕುಲುಮೆಗೆ ಒಂದು ಬೆಳಗ್ಗೆ ಹೋಗಿ ಕೂರಿ. ಮರಗಸಿ ಮಾಡುವ ಕತ್ತಿಯನ್ನು ಹೆಚ್ಚಾಗಿ ಲಾರಿಯ ಹಳೆಯ ಪಟ್ಟಾದಿಂದ ಮಾಡುತ್ತಾರೆ. ಸ್ಪ್ರಿಂಗ್ ಸ್ಟೀಲ್, ನೂರಕ್ಕೆ ಅರ್ಧದ ಆಸುಪಾಸು ಕಾರ್ಬನ್. ಮೈಲ್ಡ್ ಸ್ಟೀಲ್‌ನಲ್ಲಿ ಅಷ್ಟು ಕಾರ್ಬನ್ ಇಲ್ಲ, ಕಾಯಿಸಿ ಅದ್ದಿದರೂ ಅಂಥ ಗಡಸು ಬರುವುದಿಲ್ಲ. ಮೊದಲ ಪಾಠ ಅಲ್ಲೇ ಸಿಕ್ಕಿತು.

ಬಡಿದು ರೂಪ ಬಂದ ಮೇಲೆ ಕತ್ತಿಯ ಬಾಯನ್ನು ಮಾತ್ರ ಕೆಂಪಗೆ ಕಾಯಿಸುತ್ತಾರೆ. ಒಂದು ಆಯಸ್ಕಾಂತ ಒಯ್ದಿರಿ: 770 ಡಿಗ್ರಿ ಸುಮಾರಿಗೆ ಉಕ್ಕು ಅದಕ್ಕೆ ಅಂಟುವುದನ್ನೇ ಬಿಡುತ್ತದೆ. ಅದಕ್ಕಿಂತ ಸ್ವಲ್ಪ ಮೇಲೆ ಹೋದಾಗ ಬಾಯನ್ನು ನೀರಿಗೋ ಎಣ್ಣೆಗೋ ಅದ್ದುತ್ತಾರೆ. ಈಗ ಅದು ಗಾಜಿನ ಹಾಗೆ, ಗಡುಸು ಆದರೆ ಒಡೆಯುತ್ತದೆ. ಬೆನ್ನಿನ ಭಾಗದಲ್ಲಿ ಉಳಿದ ಬಿಸಿ ನಿಧಾನವಾಗಿ ಬಾಯಿಯ ಕಡೆ ಹರಿಯುತ್ತದೆ. ಉಜ್ಜಿ ಹೊಳಪು ಮಾಡಿದ ಜಾಗದಲ್ಲಿ ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ನೀಲಿ, ಒಂದರ ಹಿಂದೆ ಒಂದು ಬಣ್ಣ ಸರಿಯುತ್ತ ಬರುತ್ತದೆ. ಹಳದಿ ಎಂದರೆ ಸುಮಾರು 230 ಡಿಗ್ರಿ, ನೀಲಿ ಎಂದರೆ 300ರ ಹತ್ತಿರ. ಬೇಕಾದ ಬಣ್ಣ ಬಾಯಿಗೆ ತಲುಪಿದ ಕ್ಷಣ ಮತ್ತೆ ಅದ್ದಿದರೆ ಹದ ಬಿತ್ತು. ಮಾರ್ಟೆನ್‌ಸೈಟ್ (ಅದ್ದಿದಾಗ ಉಕ್ಕಿಗೆ ಬರುವ ಗಡುಸು ರಚನೆ), ಟೆಂಪರಿಂಗ್ (ಮತ್ತೆ ಸ್ವಲ್ಪ ಕಾಯಿಸಿ ಒಡೆಯುವ ಗುಣ ತಗ್ಗಿಸುವುದು) ಎಂದು ನೀವು ಬರೆದುಕೊಂಡ ಹತ್ತು ಪುಟ ಆ ಐದು ನಿಮಿಷದಲ್ಲಿ ಕಣ್ಣ ಮುಂದೆ ನಡೆಯುತ್ತದೆ. ಥರ್ಮಾಮೀಟರ್ ಇಲ್ಲದೆ ಬಣ್ಣದಲ್ಲೇ ತಾಪ ಓದುವವರನ್ನು ಗೌರವದಿಂದ ಮಾತಾಡಿಸಿ. ಕೆಲಸದ ನಡುವೆ ಪ್ರಶ್ನೆ ಕೇಳಬೇಡಿ, ಕತ್ತಿ ತಣ್ಣಗಾದ ಮೇಲೆ ಕೇಳಿ.

ಒಂದೇ ಜಾಬನ್ನು ಇಬ್ಬರು ಅಳೆದರೆ ಎರಡು ಉತ್ತರ ಬರುತ್ತದೆ. ಯಾರದು ಸರಿ?

ಮೊದಲು ವರ್ನಿಯರ್‌ನ ಬಾಯಿ ಮುಚ್ಚಿ ಸೊನ್ನೆ ಸರಿಯಿದೆಯೇ ನೋಡಿ. ಬರ್ (ಅಂಚಿನಲ್ಲಿ ಉಳಿದ ಲೋಹದ ಮುಳ್ಳು) ತೆಗೆದಿದ್ದೀರಾ ನೋಡಿ. ಆಮೇಲೆ ಜಾಬ್ ಮುಟ್ಟಿ ನೋಡಿ, ಬಿಸಿ ಇದೆಯೇ? 50 ಮಿ.ಮೀ. ಉಕ್ಕಿನ ಜಾಬ್ 50 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಸುಮಾರು 0.03 ಮಿ.ಮೀ. ಹಿಗ್ಗಿರುತ್ತದೆ. ಕಾಲೇಜಿನ ವರ್ನಿಯರ್ ಓದುವುದು 0.02ರ ಲೆಕ್ಕದಲ್ಲಿ. ಲೇಥ್‌ನಿಂದ ಇಳಿಸಿದ ತಕ್ಷಣ ಅಳೆದವರು ಸರಿಯಾದ ಸೈಜ್ ಬಂತು ಎಂದು ಖುಷಿಪಡುತ್ತಾರೆ, ಟೀ ಕುಡಿದು ಬರುವಷ್ಟರಲ್ಲಿ ಜಾಬ್ ಅಂಡರ್‌ಸೈಜ್. ಜಗತ್ತಿನಾದ್ಯಂತ ಅಳತೆಗೆ 20 ಡಿಗ್ರಿ ಎಂದು ಗೊತ್ತು ಮಾಡಿರುವುದು ಇದಕ್ಕೇ.

ನಾನು ಹುಡುಗಿ. ಮೆಕ್ಯಾನಿಕಲ್ ವರ್ಕ್‌ಶಾಪ್ ಕಷ್ಟವಾಗುತ್ತದಾ?

ಇಲ್ಲ. ಅರ ಹಾಕಲು, ಆರ್ಕ್ ಹಿಡಿಯಲು, ಮರಳಿನ ಹದ ನೋಡಲು ಬೇಕಾದದ್ದು ತಾಳ್ಮೆ ಮತ್ತು ಸರಿಯಾದ ನಿಲುವು. ಜಡೆಯನ್ನು ಮೇಲೆ ಕಟ್ಟಿ ಕ್ಯಾಪ್ ಹಾಕಿ, ದುಪಟ್ಟಾ ಬೇಡ, ಗಟ್ಟಿ ಶೂ ಇರಲಿ. ಹುಡುಗರಿಗೂ ಅದೇ ನಿಯಮ: ಸಡಿಲ ತೋಳು, ಕೊರಳ ಸರ, ಕೈಯ ದಾರ, ಯಾವುದೂ ಇರಕೂಡದು. "ನೀನು ರೆಕಾರ್ಡ್ ಬರಿ, ಜಾಬ್ ನಾವು ಮಾಡ್ತೀವಿ" ಎಂದು ಬ್ಯಾಚ್‌ಮೇಟ್‌ಗಳು ಹೇಳಿದರೆ ಒಪ್ಪಲೇಬೇಡಿ. ಈ ಮಾತಿನಿಂದ ಒಳ್ಳೆಯ ಕೈಗಳು ಕೆಲಸ ಕಲಿಯದೆ ಹೊರಗೆ ಹೋದದ್ದನ್ನು ನೋಡಿದ್ದೇನೆ, ಇವತ್ತಿಗೂ ಬೇಸರವಿದೆ.

ಗ್ಲೌಸ್ ಹಾಕಿಕೊಂಡು ಲೇಥ್ ನಡೆಸಬಹುದೇ?

ಬೇಡ. ಡ್ರಿಲ್ಲಿಂಗ್‌ಗೂ ಬೇಡ. ತಿರುಗುವ ಯಂತ್ರ ಗ್ಲೌಸನ್ನು ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಚಿಪ್ಪನ್ನು ಕೊಕ್ಕೆಯಿಂದ, ಬ್ರಶ್‌ನಿಂದ ತೆಗೆಯಿರಿ. ಚಕ್ (ಜಾಬ್ ಹಿಡಿದು ತಿರುಗುವ ಭಾಗ) ಬಿಗಿಮಾಡುವ ಕೀಯನ್ನು ಚಕ್‌ನಲ್ಲಿ ಬಿಟ್ಟು ಕೈ ತೆಗೆಯಬೇಡಿ, ಒಂದು ಕ್ಷಣಕ್ಕೂ. ನಮ್ಮ ಬ್ಯಾಚಿನಲ್ಲಿ ಒಬ್ಬ ಬಿಟ್ಟಿದ್ದ, ಮೋಟರ್ ಆನ್ ಆದದ್ದೇ ಕೀ ಹಾರಿ ಹಿಂದಿನ ಗೋಡೆಯ ಗಾರೆ ಕಿತ್ತಿತು. ಆ ಜಾಗದಲ್ಲಿ ಅರೆ ನಿಮಿಷ ಮುಂಚೆ ಇನ್ನೊಬ್ಬ ನಿಂತಿದ್ದ.

ಕನ್ನಡ ಮಾಧ್ಯಮದಿಂದ ಬಂದೆ. ಇಂಗ್ಲಿಷ್ ಪದಗಳೇ ಭಯ.

ವಿಷಯ ನಿಮಗೆ ಕನ್ನಡದಲ್ಲಿ ಆಗಲೇ ಅರ್ಧ ಗೊತ್ತಿದೆ. ಎರಕ, ಬೆಸುಗೆ, ಅರ, ಉಳಿ, ತಗಡು, ಕುಲುಮೆ, ತಿದಿ, ಹದ, ತುಕ್ಕು ಇವೆಲ್ಲ ತಲೆತಲಾಂತರದಿಂದ ಕೈಕೆಲಸದವರು ಬಳಸಿದ ಮಾತುಗಳು. ಕಡೆಯುವುದು ಎಂಬ ಒಂದೇ ಪದದಲ್ಲಿ ಮಜ್ಜಿಗೆಯೂ ಇದೆ, ಲೇಥ್ ಕೆಲಸವೂ ಇದೆ, ಎರಡರಲ್ಲೂ ಏನೋ ತಿರುಗುತ್ತದೆ. ಮೊದಲು ಕನ್ನಡದಲ್ಲಿ ನಿಮಗೆ ನೀವೇ ವಿವರಿಸಿಕೊಳ್ಳಿ, ಅರ್ಥವಾದ ಮೇಲೆ ಇಂಗ್ಲಿಷ್ ಹೆಸರು ಅಂಟಿಸಿ. ಪರೀಕ್ಷೆಯಲ್ಲಿ ಇಂಗ್ಲಿಷ್ ಪದಗಳು ಬೇಕಾಗುತ್ತವೆ, ಹಾಗಾಗಿ ದಿನಕ್ಕೆ ಐದು ಪದ ಬರೆದು ಅಭ್ಯಾಸ ಮಾಡಿ. ವೈವಾದಲ್ಲಿ ಪದ ಸಿಗದೆ ತಡವರಿಸಿದರೆ ಕೈಯಿಂದ ಮಾಡಿ ತೋರಿಸಿ. ಟೂಲ್ ಹೇಗೆ ಹಿಡಿಯುತ್ತಾರೆ ಎಂಬುದರಲ್ಲೇ ಗೊತ್ತಿರುವವರು ಯಾರು ಎಂದು ಕೇಳುವವರಿಗೆ ತಿಳಿದುಹೋಗುತ್ತದೆ.

ಕಾಲೇಜಿನಲ್ಲಿ ಒಂದು ಲೇಥ್‌ಗೆ ಹತ್ತು ಜನ. ನನ್ನ ಸರದಿ ಬರುವುದೇ ಇಲ್ಲ.

ಈ ದೂರು ನ್ಯಾಯವಾದದ್ದು. ಲ್ಯಾಬ್ ಮುಗಿದ ಮೇಲೆ ಇನ್‌ಸ್ಟ್ರಕ್ಟರ್ ಹತ್ತಿರ ಹೋಗಿ, ಯಂತ್ರ ಒರೆಸಿ ಎಣ್ಣೆ ಹಾಕಲು ನಾನಿರುತ್ತೇನೆ ಎಂದು ಕೇಳಿ. ಲೇಥ್ ಒರೆಸಿದವರಿಗೆ ಅದರ ಅಂಗಾಂಗ ಪರಿಚಯವಾಗುತ್ತದೆ, ಆಮೇಲೆ ನಡೆಸಲು ಬಿಡುತ್ತಾರೆ. ಹಾಸನದಲ್ಲಿ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಇದೆ, ಟೂಲ್ ಅಂಡ್ ಡೈ ಕೆಲಸ, ಸಿಎನ್‌ಸಿ ನೋಡಬೇಕಾದವರು ಅಲ್ಲಿ ವಿಚಾರಿಸಿ. ಊರಿನ ಲೇಥ್ ವರ್ಕ್ಸ್‌ಗಳಲ್ಲಿ ಪವರ್ ಟಿಲ್ಲರ್ ಶಾಫ್ಟ್, ಪಂಪ್‌ಸೆಟ್ ಬುಶ್ ರಿಪೇರಿ ದಿನಾ ನಡೆಯುತ್ತದೆ. ಸವೆದ ಶಾಫ್ಟಿಗೆ ವೆಲ್ಡ್ ತುಂಬಿ ಮತ್ತೆ ಸೈಜ್‌ಗೆ ಕಡೆಯುವುದನ್ನು ಕಾಲೇಜು ತೋರಿಸುವುದಿಲ್ಲ, ಅವರು ತೋರಿಸುತ್ತಾರೆ. ರಜೆಯಲ್ಲಿ ಎರಡು ವಾರ ಕೇಳಿಕೊಂಡು ನಿಲ್ಲಿ.

ಜನವರಿಯಲ್ಲಿ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಇಮ್ಟೆಕ್ಸ್ ಎಂಬ ಯಂತ್ರೋಪಕರಣಗಳ ಪ್ರದರ್ಶನ ನಡೆಯುತ್ತದೆ, ಒಮ್ಮೆಯಾದರೂ ಹೋಗಿ ಬನ್ನಿ. ಐಐಟಿ ಪ್ರಾಧ್ಯಾಪಕರ ಪಾಠಗಳು ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ತಾಣದಲ್ಲಿ ಉಚಿತವಾಗಿವೆ. ವರ್ಕ್‌ಶಾಪಿನಲ್ಲಿ ಮಾಡಿದ ದಿನವೇ ಸಂಜೆ ಆ ಪಾಠ ನೋಡಿ, ಮೊದಲೇ ನೋಡಿದರೆ ನಿದ್ದೆ ಬರುತ್ತದೆ.

ತ್ರೀಡಿ ಪ್ರಿಂಟರ್ ಕಲಿತರೆ ಸಾಕಲ್ಲವೇ?

ಕಲಿಯಿರಿ, ಚೆನ್ನಾಗಿದೆ. ಆದರೆ ಪ್ರಿಂಟ್ ಮಾಡಿದ ಬ್ರಾಕೆಟ್ ಪದರದ ಗೆರೆಯಲ್ಲೇ ಯಾಕೆ ಮುರಿಯಿತು ಎಂಬ ಪ್ರಶ್ನೆ ಬಂದ ದಿನ ವೆಲ್ಡಿಂಗ್ ಪಾಠಕ್ಕೆ ವಾಪಸ್ ಬರಬೇಕಾಗುತ್ತದೆ. ಅಲ್ಲೂ ಇಲ್ಲೂ ಪ್ರಶ್ನೆ ಒಂದೇ: ಬಿಸಿ ಪದರ ಕೆಳಗಿನ ತಣ್ಣನೆ ಪದರದ ಜೊತೆ ನಿಜವಾಗಿ ಬೆರೆಯಿತೇ, ಮೇಲೆ ಕೂತಿದೆ ಅಷ್ಟೆಯೇ?

ಮೊದಲ ತಿಂಗಳಿಗೆ ಏನೇನು ಕೊಳ್ಳಬೇಕು?

150 ಮಿ.ಮೀ. ಸ್ಟೀಲ್ ಸ್ಕೇಲ್, ಸ್ಕ್ರೈಬರ್, ಕಣ್ಣಿಗೆ ಸೇಫ್ಟಿ ಕನ್ನಡಕ, ಹತ್ತಿ ಬಟ್ಟೆಯ ಏಪ್ರನ್, ಗೀಟಿಲ್ಲದ ಒಂದು ನೋಟ್‌ಬುಕ್. ಸ್ವಂತ ವರ್ನಿಯರ್ ಆಮೇಲೆ ಕೊಂಡರಾಯಿತು. ಸಣ್ಣ ಬಾಟಲಿಯಲ್ಲಿ ಮಷಿನ್ ಎಣ್ಣೆ ಮತ್ತು ಒಂದು ತುಂಡು ಬಟ್ಟೆ ಇಟ್ಟುಕೊಳ್ಳಿ. ಜುಲೈನಲ್ಲಿ ಸಂಜೆ ಅರ ಹಾಕಿ ಹೊಳಪು ಮಾಡಿಟ್ಟ ಜಾಬ್ ಮೇಲೆ ಬೆಳಗ್ಗೆ ಬೆರಳಿನ ಗುರುತಿನ ಆಕಾರದಲ್ಲೇ ತುಕ್ಕು ಕೂತಿರುತ್ತದೆ. ಮನೆಗೆ ಹೊರಡುವ ಮುನ್ನ ಒಮ್ಮೆ ಎಣ್ಣೆ ಒರೆಸಿ, ಕಾಗದದಲ್ಲಿ ಸುತ್ತಿ, ಹೆಸರು ಬರೆದಿಡಿ.